ಗುಡುಗಿನ ತಲೆಗೆ ಕಟ್ಟಿದ ಗಾಬರಿ

ಗಾಬರಿ ಅನ್ನುವ ಪದವನ್ನು ನಾನು ಕಲಿತದ್ದು ಬೆನ್ನಿನಿಂದ. ಕುರುಗೋಡಿನಲ್ಲಿ ನಮ್ಮ ಅಪ್ಪನಿಗೆ ಒಂದು ಅದಿರು ಲಾರಿ ಇತ್ತು. ಅದರ ಹಳೆಯ ಫ್ಯಾನ್ ಬೆಲ್ಟೊಂದು ಪಡಸಾಲೆಯ ಗೂಟಕ್ಕೆ, ಅಂಗಿ ಟವೆಲುಗಳ ಪಕ್ಕದಲ್ಲಿ, ಅದೂ ಒಂದು ಮನೆಯ ಸಾಮಾನು ಎಂಬಂತೆ ತೂಗುತ್ತಿತ್ತು. ಲೋಡು ಸಿಗದ ದಿನ, ಟೈರು ಹೋದ ದಿನ, ಸಾರಿಗೆ ಉಪ್ಪು ಹೆಚ್ಚಾದ ದಿನ, ಏನೂ ಆಗದ ದಿನವೂ ಅದು ಗೂಟದಿಂದ ಇಳಿಯುತ್ತಿತ್ತು. ಮೊದಲು ಅವ್ವನ ಮೈಮೇಲೆ, ಆಮೇಲೆ ಅಡ್ಡ ಬಂದವರ ಮೈಮೇಲೆ. ನಾನು ಅಡ್ಡ ಹೋಗುವ ಪೈಕಿ. ನನ್ನ ತಂಗಿ ಜೋಳದ ಚೀಲಗಳ ಸಂದಿಯಲ್ಲಿ ತೂರಿಕೊಂಡು ಕಿವಿ ಮುಚ್ಚಿಕೊಳ್ಳುವ ಪೈಕಿ.

ಹೊಡೆತ ಮುಗಿದು ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ ಮೇಲೆ ಅಜ್ಜಿ ಎದ್ದು ಬರುತ್ತಿದ್ದಳು. ಅಪ್ಪನ ತಾಯಿ ಅವಳು. ನಮ್ಮ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಎದೆಯ ಮೇಲೆ ಅಂಗೈ ಇಟ್ಟು, ಹುಡುಗಿ ಗಾಬರಿಯಾಗಿದ್ದಾಳೆ ಎಂದು ತೀರ್ಪು ಕೊಡುತ್ತಿದ್ದಳು. ತೊಡೆಯ ಮೇಲೆ ಬೆಲ್ಟಿನ ಅಗಲಕ್ಕೆ ಬಾಸುಂಡೆ ಎದ್ದಿರುತ್ತಿತ್ತು, ಅದರ ಬಗ್ಗೆ ಮಾತಿಲ್ಲ. ಹುಡುಗಿಗೆ ಹೊಡೆದರು ಎಂದು ನಮ್ಮ ಮನೆಯಲ್ಲಿ ಯಾರೂ ಒಮ್ಮೆಯೂ ಅಂದದ್ದನ್ನು ನಾನು ಕೇಳಿಲ್ಲ. ಹುಡುಗಿ ಗಾಬರಿಯಾದಳು, ಅಷ್ಟೆ. ಮಳೆ ಬಂತು ಅಂದ ಹಾಗೆ.

ಪುಸ್ತಕದಲ್ಲಿ ಆತಂಕ, ಕಳವಳ, ತಳಮಳ ಅಂತೆಲ್ಲ ಬರೆದಿರುತ್ತಾರೆ. ನಮ್ಮ ಕಡೆ ಅವನ್ನು ಬಾಯಲ್ಲಿ ಆಡಿದರೆ ಜನ ಮುಖ ನೋಡುತ್ತಾರೆ. ಎಲ್ಲಕ್ಕೂ ಗಾಬರಿಯೊಂದೇ. ಪರೀಕ್ಷೆಗೆ ಹೋಗುವ ಹುಡುಗನಿಗೂ ಗಾಬರಿ, ಬಸ್ಸು ತಪ್ಪಿದವನಿಗೂ ಗಾಬರಿ, ಎದೆನೋವು ಬಂದ ಮುದುಕನಿಗೂ ಗಾಬರಿ. ಈಗ ನಾನಿರುವ ಬಳ್ಳಾರಿಯಲ್ಲಿ ಪಕ್ಕದ ಮನೆಯ ತೆಲುಗಿನವರು ಗಾಬರಾ ಅನ್ನುತ್ತಾರೆ. ನನ್ನ ಜೊತೆ ಹೊಲಿಗೆ ಹಾಕುವ ಮುಸ್ಲಿಂ ಹೆಂಗಸು ಮನೆಯಲ್ಲಿ ಘಬ್ರಾಹಟ್ ಅಂದು, ಬೀದಿಗೆ ಬಂದರೆ ಗಾಬ್ರಿ ಅನ್ನುತ್ತಾಳೆ. ಗಡಿ ಊರಿನಲ್ಲಿ ಮೂರು ಭಾಷೆಯವರು ಜಗಳವಿಲ್ಲದೆ ಹಂಚಿಕೊಂಡು ಉಂಡ ಪದ ಅದೊಂದೇ ಇರಬೇಕು.

ಗಾಬರಿಗೆ ಔಷಧ ಇತ್ತು. ಅದನ್ನು ಕೊಡುವುದರಲ್ಲಿ ನಮ್ಮ ಅಜ್ಜಿಗೆ ಓಣಿಯಲ್ಲೆಲ್ಲ ಹೆಸರು. ಕುಡುಗೋಲಿನ ತುದಿಯನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಸುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆ ತಂಬಿಗೆಯ ತುಂಬ ನೀರು. ಗಾಬರಿಯಾದವರು ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಯಾತಕ್ಕೆ ಗಾಬರಿಯಾಯಿತು ಎನ್ನುವುದನ್ನು ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು. ನಾಯಿಗೆ ಅಂಜಿದವರು ನಾಯಿ ಅನ್ನಬೇಕು. ಬಾವಿಗೆ ಬಿದ್ದವರು ಬಾವಿ ಅನ್ನಬೇಕು. ಹೆಸರು ಬಾಯಿಂದ ಬಿದ್ದ ಕೂಡಲೇ ಅಜ್ಜಿ ಕುಡುಗೋಲನ್ನು ನೀರಿಗೆ ಅದ್ದುತ್ತಿದ್ದಳು. ಚುಂಯ್ ಎಂದು ಹಬೆ ಏಳುತ್ತಿತ್ತು. ನೀರು ಆರಿದ ಮೇಲೆ ಅದನ್ನು ಕುಡಿಯಬೇಕು, ಉಳಿದದ್ದನ್ನು ನೆತ್ತಿಗೆ ತಟ್ಟಿಕೊಳ್ಳಬೇಕು. ಹೆಸರು ಹೇಳದ ಗಾಬರಿ ನೀರಿಗೆ ಇಳಿಯುವುದಿಲ್ಲ, ಮೈಯಲ್ಲೇ ಕೂತು ರಕ್ತ ಕುಡಿಯುತ್ತದೆ ಎನ್ನುವುದು ಅಜ್ಜಿಯ ಶಾಸ್ತ್ರ.

ನನ್ನನ್ನು ಮೊದಲ ಸಲ ಆ ಒಲೆಯ ಮುಂದೆ ಕೂರಿಸಿದ ದಿನ ಬೆನ್ನು ಉರಿಯುತ್ತಿತ್ತು. ಯಾತಕ್ಕೆ ಗಾಬರಿಯಾದೆ, ಹೇಳು ಅಂದಳು. ನಾನು ಸಾಲಿಯಲ್ಲಿ ಉತ್ತರ ಹೇಳುವ ಹುರುಪಿನಲ್ಲಿ, "ಅಪ್ಪ" ಅಂದೆ. ಕುಡುಗೋಲು ನೀರಿಗೆ ಹೋಗಲಿಲ್ಲ. ಅಜ್ಜಿಯ ಎಡಗೈ ನನ್ನ ಬಾಯಿಗೆ ಬಂತು. ತುಟಿ ಹಲ್ಲಿಗೆ ತಾಗಿ ರಕ್ತ ಬಂತು.

"ಅಪ್ಪ ಅನಬಾರದು. ಗುಡುಗು ಅನ್ನು."

ಹೊರಗೆ ಸುಡುಬಿಸಿಲು. ನಾನು ಗುಡುಗು ಅಂದೆ. ಚುಂಯ್ ಅಂತು. ನೀರಿಗೆ ಕಬ್ಬಿಣದ ರುಚಿ ಇತ್ತು, ಅದು ಕುಡುಗೋಲಿನದೋ ನನ್ನ ತುಟಿಯದೋ ಗೊತ್ತಾಗಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಹೊರಗಿನ ನಾಯಿ, ಹೋರಿ, ಕಳ್ಳ, ಎಲ್ಲದರ ಹೆಸರು ಹೇಳಬಹುದು. ಮನೆಯವರ ಹೆಸರು ಬೆಂಕಿಯ ಮುಂದೆ ಬರಬಾರದು. ಬಂದರೆ ಅವರ ಆಯುಷ್ಯ ಕಡಿಮೆಯಾಗುತ್ತದಂತೆ. ಹಾಗಾಗಿ ನಮ್ಮ ಮನೆಯಲ್ಲಿ ಬೇಸಿಗೆ, ಚಳಿಗಾಲ ಎನ್ನದೆ ಗುಡುಗುತ್ತಿತ್ತು. ಮೋಡ ಇಲ್ಲದ ಸೀಮೆಯಲ್ಲಿ ಅಷ್ಟು ಗುಡುಗು ಎಲ್ಲಿಂದ ಬಂತು ಎಂದು ಓಣಿಯವರು ಕೇಳಲಿಲ್ಲ. ಅವರ ಮನೆಯಲ್ಲೂ ಗುಡುಗುತ್ತಿತ್ತಲ್ಲ.

ಅವ್ವ ಆ ನೀರನ್ನು ಕುಡಿಯುತ್ತ ಕುಡಿಯುತ್ತಲೇ ಸತ್ತಳು. ಅಪ್ಪ ಕುಡತಿನಿ ರಸ್ತೆಯಲ್ಲಿ ಲಾರಿಯೊಳಗೇ ನುಜ್ಜಾಗಿ ಸತ್ತ. ನನಗೆ ಅಳು ಬರಲಿಲ್ಲ. ಬಂತು ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಬರಲಿಲ್ಲ. ಆ ದಿನ ಗೂಟದಿಂದ ಬೆಲ್ಟು ತೆಗೆದು ಕುಡುಗೋಲಿನಿಂದಲೇ ಚೂರುಚೂರು ಮಾಡಿ ಒಲೆಗೆ ಹಾಕಿದೆ. ರಬ್ಬರಿನ ಹೊಗೆಗೆ ಅಜ್ಜಿ ಕೆಮ್ಮುತ್ತ ನನ್ನನ್ನು ಬೈದಳು.

ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ. ನನ್ನ ಗಂಡ ಸಾಧು ಮನುಷ್ಯ. ಜಗಳದಲ್ಲಿ ಕೈ ಎತ್ತುವವಳು ನಾನೇ, ಅವನು ಹಿಡಿದುಕೊಳ್ಳುತ್ತಾನೆ. ಮನೆಯ ಮೇಲಿನ ಮಹಡಿಯಲ್ಲಿ ಒಂದಿಷ್ಟು ಮಷೀನು ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತೇನೆ. ಬಟ್ಟೆ ಕತ್ತರಿಸಿ ಬರುತ್ತದೆ, ನಾವು ಜೋಡಿಸಿ, ತೊಳೆದು ಕಳಿಸುತ್ತೇವೆ. ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟರು. ಹುಡುಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು, ಬೀಡಿ ಸಿಗರೇಟಿಲ್ಲ, ಕುಡಿತವಿಲ್ಲ, ಹಣೆ ತುಂಬ ವಿಭೂತಿ, ಬಾಯಿ ತುಂಬ ರೀ. ಮದುವೆಯ ದಿನ ಹೆಂಗಸರೆಲ್ಲ ಸುತ್ತುಗಟ್ಟಿ ಒಡಪು ಹೇಳಿಸಿದಾಗ ತಂಗಿ ಅವನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಅವಳ ಬಾಯಲ್ಲಿ ಆ ಹೆಸರು ಬರಲಿಲ್ಲ. ಇವರು, ಅವರು, ಮನಿಯವರು ಅಷ್ಟೆ. ಗಂಡನ ಹೆಸರು ಹೇಳದಿರುವುದು ನಮ್ಮಲ್ಲಿ ಹೇಳಿಕೊಡಬೇಕಾದ ಪಾಠವಲ್ಲ. ಅಜ್ಜಿಯಂತೂ ವೋಟು ಹಾಕಲು ಹೋದಾಗ ಗಂಡನ ಹೆಸರು ಕೇಳಿದರೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು. ತಾತನಿಗೆ ದೇವರ ಹೆಸರಿತ್ತು. ಅದಕ್ಕೆ ಆ ದೇವರನ್ನೂ ಅವಳು ದೊಡ್ಡಾತ ಎಂದೇ ಕರೆದು ಕೈ ಮುಗಿಯುತ್ತಿದ್ದಳು.

ಮದುವೆಯಾದ ಮುಂದಿನ ವರ್ಷದಿಂದ ತಂಗಿಯ ಫೋನು ಶುರುವಾಯಿತು. ಅಕ್ಕಾ, ಗಾಬರಿ ಆಗೈತಿ ಅನ್ನುತ್ತಿದ್ದಳು. ಬೇರೆ ಏನೂ ಹೇಳುತ್ತಿರಲಿಲ್ಲ. ಏನಾಯಿತೇ ಅಂದರೆ, ಏನಿಲ್ಲ, ಸುಮ್ಮನೆ ಎದೆ ಹಾರುತ್ತದೆ ಅನ್ನುತ್ತಿದ್ದಳು. ಒಮ್ಮೆ ಹಬ್ಬಕ್ಕೆ ಬಂದಾಗ ಎಡಗೈಯ ಕಿರುಬೆರಳು ವಾಲಿಕೊಂಡಿತ್ತು. ಕಿಟಕಿಗೆ ಸಿಕ್ಕಿತು ಅಂದಳು. ಇನ್ನೊಮ್ಮೆ ಕಿವಿಯ ಹಾಲೆ ಹರಿದು ಹೊಲಿಗೆ ಬಿದ್ದಿತ್ತು. ಗಾಬರಿಯಲ್ಲಿ ಓಲೆ ಎಲ್ಲಿಗೋ ಸಿಕ್ಕಿಕೊಂಡಿತು ಅಂದಳು. ಅವಳ ಗಂಡ ಊರಿಗೆಲ್ಲ ಹೇಳಿಬಿಟ್ಟಿದ್ದ: ತನ್ನ ಹೆಂಡತಿಗೆ ಗಾಬರಿ ರೋಗವಿದೆ, ಪಾಪ, ಸುಮ್ಮಸುಮ್ಮನೆ ಬೆಚ್ಚುತ್ತಾಳೆ, ಬೀಳುತ್ತಾಳೆ, ತಾನೇ ಡಾಕ್ಟರ ಹತ್ತಿರ ತೋರಿಸಿ ಗುಳಿಗೆ ನುಂಗಿಸುತ್ತಿದ್ದೇನೆ. ಜನ ಅವನ ತಾಳ್ಮೆಯನ್ನು ಹೊಗಳಿದರು.

ಅವರಿಗೊಂದು ಹೆಣ್ಣುಕೂಸು ಹುಟ್ಟಿ, ಅದು ಮಾತಾಡುವಷ್ಟಾದಾಗ, ನಾನು ಒಂದು ಮಧ್ಯಾಹ್ನ ಹೇಳದೆ ಕೇಳದೆ ಸಿರುಗುಪ್ಪಕ್ಕೆ ಹೋದೆ. ಬಸ್ಸು ತೆಕ್ಕಲಕೋಟೆ ದಾಟುವಾಗ ಗದ್ದೆಗಳಲ್ಲಿ ಕೊಯ್ಲಿನ ಮಷೀನುಗಳು ಓಡಾಡುತ್ತಿದ್ದವು. ತಂಗಿ ನನ್ನನ್ನು ನೋಡಿ ಖುಷಿಪಡುವ ಮೊದಲು ಬಾಗಿಲ ಆಚೆ ಇಣುಕಿ ನೋಡಿದಳು. ಉಣ್ಣಲು ಕೂತಿದ್ದೆವು. ಬೀದಿಯಲ್ಲಿ ಬೈಕು ನಿಂತ ಸದ್ದಾಯಿತು. ಅಷ್ಟಕ್ಕೇ ತಂಗಿಯ ಕೈಯ ಲೋಟ ಬಿತ್ತು. ಕೂಸು ಅಳಲಿಲ್ಲ, ಏನೂ ಕೇಳಲಿಲ್ಲ. ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದು ಹೋಗಿ ಮೂಲೆಯ ಅಕ್ಕಿ ಚೀಲಗಳ ಹಿಂದೆ ಕೂತುಕೊಂಡಿತು.

ತಂಗಿಯ ಗಂಡ ಒಳಗೆ ಬಂದು ಬರ್ರಿ ಅಕ್ಕಾರ, ಯಾವಾಗ ಬಂದ್ರಿ ಎಂದು ನಗುತ್ತ ಕೇಳಿದ. ಬಿದ್ದ ಲೋಟ ಎತ್ತಿ ನನಗೆ ತೋರಿಸಿ, ನೋಡಿ ಇದೇ ರೋಗ ಅಂದ. ಊಟ ಮುಗಿಸಿ ನಾನು ಹಿತ್ತಲಿಗೆ ಕೈ ತೊಳೆಯಲು ಹೋದೆ. ಒಳಗಿನಿಂದ ಕಬ್ಬಿಣದ ಬೀರುವಿಗೆ ಏನೋ ಬಡಿದ ಸದ್ದು ಬಂತು. ಎರಡನೆಯ ಸಲವೂ ಬಂತು. ಓಡಿಬಂದರೆ ತಂಗಿ ಬೀರುವಿನ ಬುಡದಲ್ಲಿ ಕೂತು ಕಣತಲೆ ಒತ್ತಿ ಹಿಡಿದಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿದು ಕುಪ್ಪಸದ ತೋಳಿಗೆ ಹರಿಯುತ್ತಿತ್ತು. ಕಾಲ ಬಳಿ ಮೊಬೈಲು ಚಾರ್ಜರಿನ ವೈರು, ಎರಡಾಗಿ ಮಡಚಿ ಗಂಟು ಹಾಕಿದ್ದು, ಬಿದ್ದಿತ್ತು. ಅವನು ಬೀರುವಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಗಾಬರಿಯಾಗಿ ಬಿದ್ದಳು ಅಂದ.

ನಾನು ಅವನ ಕೊರಳಪಟ್ಟಿ ಹಿಡಿದೆ. ಅವನು ನನ್ನ ಮುಂಗೈ ಹಿಡಿದು, ನಗುತ್ತಲೇ, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುವಿದ. ಮೂಳೆ ಲಟಕ್ಕೆಂದಿತು.

"ಅಕ್ಕಾರ, ನಿಮಗೂ ಗಾಬರಿ ಆಗೈತೇನು?" ಅಂದ.

ತಾತನದು ಬಾರುಕೋಲು, ಅಪ್ಪನದು ಫ್ಯಾನ್ ಬೆಲ್ಟು, ಇವನದು ಚಾರ್ಜರ್ ವೈರು. ನಮ್ಮ ಮನೆಯ ಹೆಣ್ಣುಮಕ್ಕಳ ಪಾಲಿಗೆ ಕಾಲ ಮುಂದೆ ಹೋಗಿದ್ದು ಇಷ್ಟೇ.

ಪೊಲೀಸರ ಹತ್ತಿರ ಹೋಗೋಣ ಅಂದರೆ ತಂಗಿ ನನ್ನ ಕಾಲು ಹಿಡಿದಳು. ಕೂಸನ್ನು ಕಿತ್ತುಕೊಳ್ಳುತ್ತಾರೆ ಅಂದಳು. ಬಳ್ಳಾರಿಗೆ ಮರಳಿ ಕುರುಗೋಡಿನ ಚಿಕ್ಕಪ್ಪನಿಗೆ ಫೋನು ಮಾಡಿದೆ. ಅವನು ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದ. ಉಂಡ ಮೇಲೆ ಮಲಗಿದವಳು ಏಳದಿದ್ದರೆ ಏನು ಮಾಡುತ್ತೀ ಎಂದು ಕೇಳಿ ಫೋನಿಟ್ಟೆ. ಸಿಟ್ಟಿಗೆ ಆ ವಾರವೆಲ್ಲ ನಾನು ಹೊಲಿದ ಪ್ಯಾಂಟುಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ತಿರುಚಿದ ಕೈಗೆ ಪಟ್ಟಿ ಕಟ್ಟಿದ್ದೆ. ಜೊತೆಗೆ ಹೊಲಿಯುವ ಮುಸ್ಲಿಂ ಹೆಂಗಸು ತನ್ನ ಮಗಳನ್ನು ಗಾಬರಿಗೆ ಸಂಜೆ ಮಸೀದಿ ಬಾಗಿಲಿಗೆ ಕರೆದೊಯ್ದು, ನಮಾಜು ಮುಗಿಸಿ ಬಂದವರಿಂದ ಊದಿಸುತ್ತಿದ್ದವಳು. ನಿನ್ನ ತಂಗಿಯನ್ನೂ ಕರೆದುಕೊಂಡು ಬಾ ಅಂದಳು. ಆಮೇಲೆ ತಾನೇ ತಡೆದು, ಹೊಡೆಯೋನಿಗೆ ಯಾರು ಊದ್ತಾರಕ್ಕ ಅಂದಳು.

ಅಷ್ಟರಲ್ಲಿ ತಂಗಿಯ ಗಂಡನೇ ಚಿಕ್ಕಪ್ಪನಿಗೆ ಹೇಳಿ ಕಳಿಸಿದ. ಗುಳಿಗೆಯಿಂದ ಗುಣವಾಗಲಿಲ್ಲ, ಅಜ್ಜಿಯ ನೀರನ್ನು ಕಡೆಯ ಸಲ ಕುಡಿಸಿ ನೋಡೋಣ. ಅದಕ್ಕೂ ಬಗ್ಗದಿದ್ದರೆ ಹುಚ್ಚಿನ ಆಸ್ಪತ್ರೆಗೆ ಸೇರಿಸುತ್ತೇನೆ, ಕೂಸು ನಮ್ಮ ತಾಯಿಯ ಹತ್ತಿರ ಬೆಳೆಯಲಿ, ಮುಂದೆ ನನ್ನ ದಾರಿ ನನಗೆ ಅಂದನಂತೆ. ಚಿಕ್ಕಪ್ಪ ಅದನ್ನು ದೊಡ್ಡ ಉಪಕಾರದ ಹಾಗೆ ನನಗೆ ಹೇಳಿದ. ಒಮ್ಮೆ ಹುಚ್ಚಿ ಎನಿಸಿಕೊಂಡರೆ ತಂಗಿಯ ಯಾವ ಮಾತಿಗೂ ಬೆಲೆ ಇರುವುದಿಲ್ಲ, ಮಗಳೂ ಸಿಗುವುದಿಲ್ಲ ಎನ್ನುವುದು ನನಗೆ ಹೊಳೆಯಿತು. ಅವನಿಗಂತೂ ಮೊದಲೇ ಹೊಳೆದಿತ್ತು. ಅವರು ಬರುವ ದಿನ ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ.

ಅಜ್ಜಿ ಚಿಕ್ಕಪ್ಪನ ಸಂಸಾರದ ಜೊತೆ ಹಳೆಯ ಮನೆಯಲ್ಲೇ ಇದ್ದಳು. ಮೈ ಬಾಗಿತ್ತು, ಕಣ್ಣು ಮಂಜಾಗಿತ್ತು, ದರ್ಪ ಮಾತ್ರ ಹಾಗೇ ಇತ್ತು. ಗ್ಯಾಸು ಬಂದಿದ್ದರೂ ಗಾಬರಿ ನೀರಿಗೆಂದೇ ಹಿತ್ತಲ ಕಡೆಯ ಒಲೆಯನ್ನು ಕೆಡವಲು ಬಿಟ್ಟಿರಲಿಲ್ಲ. ನಾನು ಅವಳ ಮುಂದೆ ಕೂತು ಬೀರು, ವೈರು, ರಕ್ತ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂದಳು. ನಿನ್ನ ಮಗ ನಮ್ಮ ಅವ್ವನನ್ನು ಕೊಂದ, ನೀನು ನೀರು ಕುಡಿಸಿ ಕುಡಿಸಿ ಅದಕ್ಕೆ ಸಹಾಯ ಮಾಡಿದೆ ಎಂದು ನಾನು ಕಿರುಚಿದೆ. ಅವಳು ಮುಖ ತಿರುವಿ ಕಟ್ಟಿಗೆ ಆರಿಸತೊಡಗಿದಳು. ಅವಳನ್ನು ಎತ್ತಿ ಒಲೆಗೆ ಹಾಕಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಬಿಸಿಲು ನೆತ್ತಿಗೇರಿದಾಗ ತಂಗಿ, ಅವಳ ಗಂಡ, ಕೂಸು ಬಂದರು. ಅವನು ಅಜ್ಜಿಯ ಕಾಲಿಗೆರಗಿದ, ತಂದಿದ್ದ ಬಾಳೆಹಣ್ಣು ಕೊಟ್ಟ. ತಂಗಿಯ ಕಣತಲೆಯ ಗಾಯ ಕಪ್ಪಗಾಗಿತ್ತು. ಒಲೆಯ ಸುತ್ತ ಎಲ್ಲರೂ ಕೂತೆವು: ಅಜ್ಜಿ, ಅವಳ ಎದುರು ತಂಗಿ, ತಂಗಿಯ ಹಿಂದೆಯೇ ಅವನು, ಬಾಗಿಲಲ್ಲಿ ಚಿಕ್ಕಪ್ಪ. ಕೂಸು ನನ್ನ ತೊಡೆಯ ಮೇಲಿತ್ತು. ಕುಡುಗೋಲಿನ ತುದಿ ಕೆಂಪಗಾಯಿತು. ಅಜ್ಜಿ ತನ್ನ ಮಂತ್ರದಂಥ ಮಾತನ್ನು ಕೇಳಿದಳು.

"ಯಾತಕ್ಕ ಗಾಬರಿ ಆದಿ? ಹೆಸರ ಹಿಡದು ಹೇಳು."

ತಂಗಿ ಒಲೆಯನ್ನೇ ನೋಡುತ್ತ ಗುಡುಗು ಅಂದಳು. ಹಿತ್ತಲ ಬಾಗಿಲಿನಿಂದ ಬೆಂಕಿಯಂಥ ಬಿಸಿಲು ಒಳಗೆ ಬಿದ್ದಿತ್ತು. ಆಚೆಯ ಕಲ್ಲುಗುಡ್ಡದ ಮೇಲೆ ಒಂದು ಚೂರು ಮೋಡ ಇರಲಿಲ್ಲ. ಅಜ್ಜಿ ಕುಡುಗೋಲು ಅದ್ದಿದಳು, ತಂಗಿ ಕುಡಿದಳು.

ಆಗ ಅವನು, ತುಂಬ ಅಕ್ಕರೆಯಿಂದ, ಈ ಕೂಸಿಗೂ ಒಂದಿಷ್ಟು ಕುಡಿಸಿರಿ, ಇದೂ ತಾಯಿಯ ಹಾಗೆ ಬೆಚ್ಚುವುದನ್ನು ಕಲಿತಿದೆ ಅಂದ. ಅಜ್ಜಿ ಕುಡುಗೋಲನ್ನು ಮತ್ತೆ ಕೆಂಡಕ್ಕೆ ತೂರಿಸಿ ಕೂಸಿನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ, ಯಾರೂ ಏನೂ ಕೇಳುವ ಮೊದಲೇ, ಕೂಸು ಅಪ್ಪನ ಮುಖ ನೋಡಿಕೊಂಡು, "ಗುಡುಗು" ಅಂತು.

ಅಜ್ಜಿಯ ಕೈ ನಿಂತುಬಿಟ್ಟಿತು. ಅವಳ ಮಂಜುಗಣ್ಣು ಕೂಸಿನ ಮೇಲೆ, ತಂಗಿಯ ಮೇಲೆ, ನನ್ನ ಮೇಲೆ ಓಡಾಡಿತು. ನನ್ನ ತುಟಿಯ ಹತ್ತಿರ ಅದು ಬಹಳ ಹೊತ್ತು ನಿಂತಿತು, ಅಥವಾ ನನಗೆ ಹಾಗನ್ನಿಸಿತು. ಆಮೇಲೆ ಕೂಸಿಗೆ ಹೇಳಿದಳು.

"ತಡಿ, ಕೂಸ. ನಂದೂ ಒಂದು ಒಳಗ ಉಳಕೊಂಡೈತಿ. ಮೊದಲ ನಂದು ಹೇಳ್ತೀನಿ."

ಹಾಗಂದು ಕುಡುಗೋಲನ್ನು ಹೊರಗೆ ತೆಗೆದು ಅದರ ತುದಿಯನ್ನು ನೋಡುತ್ತ ಅಜ್ಜಿ ನನ್ನ ತಾತನ ಹೆಸರು ಹೇಳಿದಳು. ದೊಡ್ಡಾತ ಅಲ್ಲ, ನಿಮ್ಮ ತಾತ ಅಲ್ಲ. ತೊಟ್ಟಿಲಲ್ಲಿಟ್ಟು ಕರೆದ ಹೆಸರು, ಪೂರ್ತಿ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳದು. ಅದರ ಹಿಂದೆಯೇ ತನ್ನ ಮಗನ ಹೆಸರನ್ನೂ ಹೇಳಿದಳು. ಧ್ವನಿ ಅಲ್ಲಿ ಮಾತ್ರ ಒಡೆಯಿತು. ಬಾಗಿಲಲ್ಲಿ ಕೂತಿದ್ದ ಚಿಕ್ಕಪ್ಪ, ತನ್ನ ಅಪ್ಪನ ಹೆಸರನ್ನು ತಾಯಿಯ ಬಾಯಲ್ಲಿ ಹುಟ್ಟಿದಾಗಿನಿಂದ ಕೇಳದವನು, ಯಾರೋ ಕೆನ್ನೆಗೆ ಬಾರಿಸಿದಂತೆ ಎದ್ದು ನಿಂತ. ಚುಂಯ್ ಅಂತು. ಹಬೆ ಅವಳ ಮುಖ ಮುಚ್ಚಿತು. ಆರುವವರೆಗೂ ಕಾಯದೆ ಆ ನೀರನ್ನು ಗಟಗಟ ಕುಡಿದು, ಉಳಿದದ್ದನ್ನು ನೆತ್ತಿಗೆ ತಟ್ಟಿಕೊಂಡಳು.

ಮತ್ತೆ ತಂಬಿಗೆ ತುಂಬಿಸಿದಳು. ಕುಡುಗೋಲು ಮತ್ತೆ ಕೆಂಡಕ್ಕೆ ಹೋಯಿತು. ಕಬ್ಬಿಣ ಕಾಯಲು ಹೊತ್ತು ಬೇಕು. ಅವನು ಇದೇನು ನಾಟಕ, ಏಳು ಹೋಗೋಣ ಎಂದು ತಂಗಿಯ ಹೆಗಲಿಗೆ ಕೈ ಹಾಕಿದ. ತಂಗಿ ಏಳಲಿಲ್ಲ. ಅಜ್ಜಿ ಕೆಂಪು ತುದಿಯನ್ನು ನೀರಿನ ಮೇಲೆ ಹಿಡಿದು ಅವಳನ್ನು ಮತ್ತೆ ಕೇಳಿದಳು. ಈ ಸಲ ತಂಗಿ ಅವನ ಹೆಸರು ಹೇಳಿದಳು. ಒಡಪಿನಲ್ಲಿ ಹೇಳಿದ್ದ ಅದೇ ಹೆಸರು, ಪ್ರಾಸವಿಲ್ಲದೆ. ಹೇಳಿದವಳೇ ಮತ್ತೊಮ್ಮೆ ಹೇಳಿದಳು, ಕೂಗಿ ಹೇಳಿದಳು.

ಅವನು ತುರುಬು ಹಿಡಿದು ಅವಳನ್ನು ಹಿಂದಕ್ಕೆಳೆದ. ತಂಬಿಗೆ ಒದೆಸಿಕೊಂಡು ಉರುಳಿತು. ಎಲ್ಲರ ಕಣ್ಣೆದುರೇ ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ, ಹಳೆಯ ಗಾಯ ಬಾಯಿ ಬಿಟ್ಟು ರಕ್ತ ಚೌಕಟ್ಟಿನ ಅರಿಶಿಣದ ಮೇಲೆ ಚಿಮ್ಮಿತು. ಆವರೆಗೆ ನಗುತ್ತಿದ್ದ ಬಾಯಿಂದ ಹೊರಟ ಬೈಗುಳ ಬರೆಯುವಂಥದ್ದಲ್ಲ. ನಾನು ಕೈಗೆ ಸಿಕ್ಕ ಕಬ್ಬಿಣದ ಊದುಗೊಳವೆಯಿಂದ ಅವನ ಬೆನ್ನಿಗೆ, ಭುಜಕ್ಕೆ, ಎಲ್ಲೆಂದರಲ್ಲಿ ಹೊಡೆದೆ. ನನ್ನ ಅಪ್ಪನಿಗೆ ಹೊಡೆಯಬೇಕಾಗಿದ್ದನ್ನೆಲ್ಲ ಸೇರಿಸಿ ಹೊಡೆದೆ. ಅವನು ತುರುಬು ಬಿಡಲಿಲ್ಲ. ಮತ್ತೆ ಬಡಿಯಲು ಅವಳ ತಲೆಯನ್ನು ಎತ್ತಿದ. ಆಗ ಅಜ್ಜಿ ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿ, ಕೆಂಪಗಿದ್ದ ಕುಡುಗೋಲಿನ ತುದಿಯನ್ನು ಅವನ ಮುಂಗೈಯ ಮೇಲಿಟ್ಟು ಒತ್ತಿದಳು.

ಚುಂಯ್ ಅಂತು. ನೀರಿಗೆ ಅದ್ದಿದಾಗಿನ ಸದ್ದೇ. ವಾಸನೆ ಮಾತ್ರ ಬೇರೆ. ಅವನ ಕಿರುಚಾಟಕ್ಕೆ ಓಣಿಯೆಲ್ಲ ಎದ್ದು ಬಂತು.

ಜನ ಒಳಗೆ ನುಗ್ಗಿದಾಗ ಅವನು ಗೋಡೆಗೆ ಒರಗಿ, ಕೈಯನ್ನು ತೊಡೆಯ ಸಂದಿಯಲ್ಲಿ ಅದುಮಿಕೊಂಡು, ನಡುಗುತ್ತ, ಕಣ್ಣು ತೇಲಿಸುತ್ತ ಕೂತಿದ್ದ. ತಂಗಿಯ ಮುಖ ರಕ್ತದಲ್ಲಿ ತೋಯ್ದಿತ್ತು. ಏನಾಯಿತು ಎಂದು ನಾಲ್ಕೂ ಕಡೆಯಿಂದ ಕೇಳಿದರು. ಅಜ್ಜಿ ಕುಡುಗೋಲನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ಅಳಿಯಾರು ಗಾಬರಿ ಆಗ್ಯಾರ. ಯಾತಕ್ಕ ಆತು ಅಂತ ಅವರನ್ನ ಕೇಳ್ರಿ."

ಅವನು ಹೇಳಲಿಲ್ಲ. ಹೇಳಬೇಕಾದರೆ ಹೆಂಡತಿಯ ಬಾಯಿಂದ ತನ್ನ ಹೆಸರು ಬಿದ್ದದ್ದನ್ನೂ ಹೇಳಬೇಕಿತ್ತು. ಚಿಕ್ಕಪ್ಪ, ಉಂಡು ಮಲಗುವ ಗಾದೆ ಹೇಳಿದ್ದ ಅದೇ ಚಿಕ್ಕಪ್ಪ, ಅವನ ಬೈಕಿನ ಕೀಲಿಯನ್ನು ಹೊಸ್ತಿಲಾಚೆ ಎಸೆದು ಎದ್ದೇಳು ಅಂದ. ಕೂಸನ್ನು ಕೊಡಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಡಾಕ್ಟರು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೆಸರು ಹೇಳಿದಳು. ಪೊಲೀಸರ ಮುಂದೆಯೂ ಹೇಳಿದಳು. ಕೇಸು ನಡೆಯುತ್ತಿದೆ, ಅವನು ನಮ್ಮ ಮೇಲೂ ಒಂದು ಹಾಕಿದ್ದಾನೆ. ಕೋರ್ಟಿನಲ್ಲಿ ಅವನ ಮುಂಗೈಯ ಕಲೆ ನೋಡಿದಾಗಲೆಲ್ಲ ನನಗೆ ತೃಪ್ತಿಯಾಗುತ್ತದೆ. ಆಗಬಾರದು ಎಂದು ಯಾರಾದರೂ ಹೇಳಿದರೆ ಅವರ ಜೊತೆ ನನಗೆ ಮಾತಿಲ್ಲ. ಅಜ್ಜಿ ಆ ವರ್ಷವೇ ಹೋದಳು. ಆ ದಿನದ ನಂತರ ಅವಳು ಯಾರಿಗೂ ನೀರು ಕೊಡಲಿಲ್ಲ, ಬಂದವರನ್ನು ಬಾಗಿಲಿಂದಲೇ ಕಳಿಸಿದಳಂತೆ. ನಾನು ಅವಳನ್ನು ಪೂರ್ತಿ ಕ್ಷಮಿಸಿಲ್ಲ. ಆದರೂ ಅವಳ ಹೆಣದ ಮುಂದೆ ಕೂತು ನಾನು ಅತ್ತೆ.

ತಂಗಿ ಈಗ ನನ್ನ ಮಹಡಿಯಲ್ಲೇ ಹೊಲಿಯುತ್ತಾಳೆ. ಗಾಬರಿ ಹೋಯಿತು ಎಂದು ಬರೆಯಲಾರೆ. ಬೀದಿಯಲ್ಲಿ ಬೈಕು ನಿಂತರೆ ಅವಳ ಮಷೀನೂ ನಿಲ್ಲುತ್ತದೆ. ಬೈಕು ಮುಂದೆ ಹೋಗುವವರೆಗೆ ಸೂಜಿ ಬಟ್ಟೆಯಲ್ಲಿ ಚುಚ್ಚಿಕೊಂಡೇ ಇರುತ್ತದೆ. ನಾವ್ಯಾರೂ ಏನೂ ಕೇಳುವುದಿಲ್ಲ. ಅವಳೇ ಹೆಸರು ಹೇಳಿ, ಅವನಲ್ಲ ಎಂದು ಗೊಣಗಿಕೊಂಡು ಮತ್ತೆ ಪೆಡಲು ಒತ್ತುತ್ತಾಳೆ.

ಮೊನ್ನೆ ಮಧ್ಯಾಹ್ನ ಮುಂಗಾರಿನ ಮೊದಲ ಮೋಡ ಗುಡ್ಡದ ಹಿಂದಿನಿಂದ ಕಪ್ಪಗೆ ಎದ್ದಿತು. ಕರೆಂಟು ಹೋಯಿತು. ಎದೆ ನಡುಗುವಂಥ ಗುಡುಗು, ತಗಡಿನ ಶೀಟೆಲ್ಲ ಅದುರಿದವು. ಹೊಲಿಯುವ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ತೊಳೆದ ಪ್ಯಾಂಟುಗಳು ಮಾಳಿಗೆಯ ಮೇಲೆ ಒಣಗುತ್ತಿದ್ದವು. ನೋಡಿದರೆ ತಂಗಿ ಜಾಗದಲ್ಲಿರಲಿಲ್ಲ, ಕೂಸೂ ಇರಲಿಲ್ಲ. ನಾನು ಮೆಟ್ಟಿಲಲ್ಲಿ ನಿಂತು, ಸಿಡಿಲು ಬೀಳುತ್ತದೆ, ಕೆಳಗೆ ಬಾರೇ ಎಂದು ಕೂಗಿದೆ. ಅವಳು ಆಕಾಶದ ಕಡೆ ಮುಖ ಮಾಡಿ ನಿಂತಿದ್ದಳು. ಕೂಸು ಅವಳ ಸೆರಗು ಹಿಡಿದು ಪ್ರತಿ ಗುಡುಗಿಗೂ ತಾನೂ ಗುರ್ ಎನ್ನುತ್ತಿತ್ತು.

"ಗುಡುಗಿಗೆ ನಾ ಯಾವತ್ತೂ ಅಂಜಿಲ್ಲಕ್ಕ," ಅಂದಳು ತಂಗಿ, ನನ್ನ ಕಡೆ ತಿರುಗದೆ.

ಮಳೆಯ ಹನಿ ದಪ್ಪದಪ್ಪಗೆ ಬೀಳತೊಡಗಿತು. ಅವಳು ತಂತಿಯಿಂದ ಪ್ಯಾಂಟುಗಳನ್ನು ಒಂದೊಂದಾಗಿ ಎಳೆದು, ಅವಸರವಿಲ್ಲದೆ, ಹೆಗಲ ಮೇಲೆ ಹಾಕಿಕೊಂಡಳು.